ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ!

ಹೋದ ತಿಂಗಳು ನಮ್ಮ ಪ್ರೆಸ್ಸಿಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಕರಪತ್ರದ ಬರಹ. ಸಾವಿರ ಪ್ರತಿ ಬೇಕು, ದುಡ್ಡು ಮುಂಗಡ ಅಂದ. ಓದಿದೆ. 'ಐರ್ಲೆಂಡಿನಲ್ಲಿ ಹೆಂಗಸಿಗೆ ಬ್ಯನ್ ಅನ್ನುತ್ತಾರೆ. ನಮ್ಮ ಹಳಗನ್ನಡದ ಪೆಣ್ ಅದೇ! ಐರಿಶ್ ಭಾಷೆ ಹುಟ್ಟಿದ್ದೇ ಕನ್ನಡದಿಂದ!' ನಾನು ಅಚ್ಚು ಹಾಕಲ್ಲ ಅಂದೆ. ಹುಡುಗನ ಮುಖ ಕೆಂಪಾಯಿತು. "ನೀವು ಕನ್ನಡದವರೇ ತಾನೇ ಅಣ್ಣಾ?" ಅಂದವನೇ ಎದ್ದು ಹೋದ.

ಆ ಮಾತು ಚುಚ್ಚಿತು. ನಾನು ಓದಿದ್ದು ಪಿಯುಸಿ, ಪಂಡಿತನಲ್ಲ. ಆದರೆ ಅಪ್ಪನ ಕಾಲದ ಅಚ್ಚುಮೊಳೆಗಳ ನಡುವೆ ಬೆಳೆದವನು. ಆ ಒಂದು ಪದದ ಬೆನ್ನು ಹತ್ತಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ತೀರ್ಪು ನಿಮ್ಮದು ಗೆಳೆಯರೇ.

ಪದ ಒಂದು, ವೇಷ ನಾಲ್ಕು

ಐರಿಶ್‌ನಲ್ಲಿ 'ಬ್ಯನ್' ಅಂದರೆ ಹೆಂಗಸು. 'ಆ ಹೆಂಗಸು' ಅನ್ನಬೇಕಾದರೆ 'ಅನ್ ವ್ಯನ್'. ಬ ಹೋಗಿ ವ! 'ಹೆಂಗಸಿನ' ಅನ್ನಲು 'ಮ್ನಾ'. 'ಹೆಂಗಸರು' ಅನ್ನಲೂ 'ಮ್ನಾ'. 'ಹೆಂಗಸರ' ಅನ್ನುವಾಗ 'ನ ಮನ್'. 1914ರಲ್ಲಿ ಹುಟ್ಟಿ, 1916ರ ಬಂಡಾಯದಲ್ಲಿ ಬೀದಿಗಿಳಿದ ಐರಿಶ್ ಹೆಂಗಸರ ಸಂಘದ ಹೆಸರೇ 'ಕುಮನ್ ನ ಮನ್'.

ಅಲ್ಲಿನ ಶೌಚಾಲಯಗಳ ಬಾಗಿಲ ಮೇಲೆ ಇವತ್ತಿಗೂ 'ಮ್ನಾ' ಅಂತ ಬರೆದಿರುತ್ತದೆ. ಅದನ್ನು ಇಂಗ್ಲಿಷಿನ 'ಮ್ಯಾನ್' ಅಂದುಕೊಂಡು ಒಳಗೆ ನುಗ್ಗುವ ಪರದೇಶಿ ಗಂಡಸರ ಕತೆ ಅಲ್ಲಿ ಹಳೇ ತಮಾಷೆ. ನೋಡಿ, ಹೋಲಿಕೆ ನಂಬಿದವನ ಪಾಡು!

ಬ ಯಾಕೆ ವ ಆಯಿತು? ಬಹಳ ಹಿಂದೆ 'ಆ' ಅನ್ನುವ ಪದ ಹೆಣ್ಣುಲಿಂಗದಲ್ಲಿ ಸ್ವರದಿಂದ ಮುಗಿಯುತ್ತಿತ್ತು. ಎರಡು ಸ್ವರದ ನಡುವೆ ಸಿಕ್ಕ ಬ ಮೆತ್ತಗಾಯಿತು. ಮುಂದೆ ಆ ಸ್ವರ ಉದುರಿಹೋಯಿತು, ಮೆತ್ತಗಾದ ಅಕ್ಷರ ಹಾಗೇ ಉಳಿಯಿತು. ಅದೇ ಈಗ ಹೆಣ್ಣುಲಿಂಗದ ಗುರುತು. ಹಳೇ ಐರಿಶ್ ಅಚ್ಚಿನಲ್ಲಿ ಇದನ್ನು ತೋರಿಸಲು ಬ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ರೋಮನ್ ಮೊಳೆ ಬಂದ ಮೇಲೆ ಚುಕ್ಕೆ ಹೋಗಿ ಪಕ್ಕದಲ್ಲಿ ಎಚ್ ಕೂತಿತು. ಪಕ್ಕದ ಮ್ಯಾನ್ ದ್ವೀಪದ ತಂಗಿ ಭಾಷೆಯಲ್ಲಿ ಪದ 'ಬೆನ್'. ಅದು ಬದಲಾದಾಗ ಬಾಯಲ್ಲಿ ಬಂದ ಹಾಗೇ 'ವೆನ್' ಅಂತ ಬರೆಯುತ್ತಾರೆ.

ನಿಜವಾದ ನೆಂಟರು ಯಾರು?

ಈ ಪದದ ಮೂಲರೂಪದ ಮೊದಲ ಅಕ್ಷರ ಬ ಅಲ್ಲವೇ ಅಲ್ಲ! 'ಗ್ವೆನ್' ಅನ್ನುವಂಥ ರೂಪ ಅದು. ಐರಿಶ್ ಹುಟ್ಟಿದ ಕೆಲ್ಟಿಕ್ ಕವಲಿನಲ್ಲಿ ಆ ಗ್ವ ಎಲ್ಲ ಬ ಆಯಿತು. ಒಂದೇ ಪದದಲ್ಲಲ್ಲ, ಸಾಲುಸಾಲಾಗಿ. ಸಂಸ್ಕೃತದ 'ಗೋ' ಐರಿಶ್‌ನಲ್ಲಿ 'ಬೋ', ಹಸು. ಸಂಸ್ಕೃತದ 'ಜೀವ' ಅಲ್ಲಿ 'ಬ್ಯೋ', ಬದುಕಿರುವ. ಋಗ್ವೇದದಲ್ಲಿ ದೇವಪತ್ನಿಯರಿಗೆ ಬರುವ 'ಗ್ನಾ' ಪದಕ್ಕೆ ಅಲ್ಲಿನ ಜೋಡಿ ಈ 'ಬ್ಯನ್'. ಗ್ನಾ ಪಕ್ಕದಲ್ಲಿ ಮ್ನಾ ಇಟ್ಟು ನೋಡಿ: ಗ್ವ ಹೋಗಿ ಬ ಆಯಿತು, ನ ಮುಂದೆ ನಿಂತ ಆ ಬ ಮೂಗಿಗೇರಿ ಮ ಆಯಿತು. ಇಂಗ್ಲಿಷಿನ 'ಕ್ವೀನ್' ಇದೇ ಮನೆಯವಳು. ಪಾರ್ಸಿಯ 'ಜನ್' ಕೂಡ. ಅದರಿಂದ ಬಂದದ್ದು 'ಜನಾನಾ'. ಹಂಪಿಯಲ್ಲಿ ಕಮಲ ಮಹಲ್ ಇರುವ ಜಾಗಕ್ಕೆ ಜನಾನಾ ಆವರಣ ಅನ್ನುತ್ತೇವಲ್ಲ, ಆ ಪದ ಐರಿಶ್ ಬಾಗಿಲ 'ಮ್ನಾ'ಗೆ ದೂರದ ಅಕ್ಕ! ನೋಡಿದರೆ ಒಂದಿಷ್ಟೂ ಹೋಲಿಕೆ ಇಲ್ಲ. ಆದರೂ ರಕ್ತಸಂಬಂಧ.

ನಮ್ಮ ಪೆಣ್ ಕತೆಯೇ ಬೇರೆ. ತಮಿಳಿನಲ್ಲೂ ಪೆಣ್, ತುಳುವಿನಲ್ಲಿ ಪೊಣ್ಣು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪೆಣ್ಣು ಹೆಣ್ಣಾಯಿತು. ಇದು ದ್ರಾವಿಡ ಮನೆಯ ಮಗಳು. ಅಲ್ಲಿ 'ಗ್ವೆನ್' ಇದ್ದ ಕಾಲಕ್ಕೆ ಹಿಂದೆ ಹೋದರೆ ಪೆಣ್ ಜೊತೆ ಇದ್ದ ಹೋಲಿಕೆಯೂ ಮಾಯ!

ತಕ್ಕಡಿ ಮುರಿಯಬೇಡಿ

'ಏನೀಗ? ಒಂದು ಸುಳ್ಳಿನಿಂದ ಕನ್ನಡಕ್ಕೆ ಹೆಮ್ಮೆ ಬಂದರೆ ಬರಲಿ ಬಿಡಿ' ಅನ್ನುವವರಿದ್ದಾರೆ. ಅವರಿಗೆ ಒಂದು ಮಾತು. ಕನ್ನಡ ಸಂಸ್ಕೃತದ ಮಗಳು ಅಂತ ನಮ್ಮನ್ನು ಕೀಳು ಮಾಡಿದವರ ಬಾಯಿ ಮುಚ್ಚಿಸಿದ್ದು ಯಾವುದು? ಭಾವನೆಯಲ್ಲ, ಇದೇ ತಕ್ಕಡಿ! ನಾಲ್ಕು ಪದ ಹೋಲಿದರೆ ಸಾಲದು, ಸಾಲುಸಾಲು ಪದಗಳಲ್ಲಿ ಒಂದೇ ನಿಯಮ ಕಾಣಬೇಕು, ವ್ಯಾಕರಣ ಕೂಡಬೇಕು ಅನ್ನುವ ತಕ್ಕಡಿ. 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ಇಂಥ ತಕ್ಕಡಿಯಲ್ಲಿ ತೂಗಿಯೇ ದಕ್ಷಿಣದ ಭಾಷೆಗಳಿಗೆ ಅವುಗಳದೇ ಮನೆತನ ಇದೆ ಅಂದರು. ಐರಿಶ್ ಆಸೆಗೆ ನಾವೇ ಆ ತಕ್ಕಡಿ ಮುರಿದರೆ, ನಾಳೆ ಇನ್ನೊಬ್ಬ ಬಂದು ಸಾವಿರ ಸಂಸ್ಕೃತ ಪದ ತೋರಿಸಿ ಕನ್ನಡವೇ ಇಲ್ಲ ಅಂದಾಗ ಏನು ಹಿಡಿದು ನಿಲ್ಲುತ್ತೀರಿ?

ಬೆರಗು ಬೇಕೇ? ನಿಜದಲ್ಲೇ ಇದೆ. ಎಳ ಬಳ್ಳಿ 'ಎಳವಳ್ಳಿ', ಮೆಲ್ ಮಾತು 'ಮೆಲ್ವಾತು'. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಆದೇಶ ಸಂಧಿ! ಬ ವ ಆಗುತ್ತದೆ, ಮ ವ ಆಗುತ್ತದೆ. ಐರಿಶ್‌ನಲ್ಲೂ ಹಾಗೇ, ಬ್ಯನ್ ವ್ಯನ್ ಆದಂತೆ ತಾಯಿಯ 'ಮಾಹರ್' ಕೂಡ 'ವಾಹರ್' ಆಗುತ್ತದೆ. ನೆಂಟಸ್ತಿಕೆಯಿಂದಲ್ಲ. ಮನುಷ್ಯನ ತುಟಿ ಎಲ್ಲ ಕಡೆ ಒಂದೇ ಆದ್ದರಿಂದ. ನಮಗೆ ಅದು ಸಂಧಿ, ಅವರಿಗೆ ಲಿಂಗದ ಗುರುತು. ಹೆಮ್ಮೆಪಡಲು ಇದು ಸಾಲದೇ?

ಹುಡುಗ ಮತ್ತೆ ಬಂದಿಲ್ಲ. ಅವನ ಬರಹ ನನ್ನ ಮೇಜಿನ ಮೇಲೇ ಇದೆ. ತಮ್ಮಾ, ಇದನ್ನು ಓದಿದರೆ ಬಾ. ಪೆಣ್ ಹೆಣ್ಣಾದ ಕತೆ, ಎಳವಳ್ಳಿಯ ಕತೆ ಬರೆದು ತಾ. ಸಾವಿರವಲ್ಲ, ಎರಡು ಸಾವಿರ ಹಾಕೋಣ. ಕಾಗದದ ದುಡ್ಡು ನಿನ್ನದು, ಅಚ್ಚಿನ ಕೂಲಿ ನನ್ನದು.