ಹುಟ್ಟುಹಬ್ಬದವನೇ ಕೇಕ್ ತರಬೇಕು
ಜರ್ಮನಿಯಲ್ಲಿ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭಾಶಯ ಹೇಳಿದರೆ ಅಪಶಕುನ. ಆಫೀಸಿಗೆ ಕೇಕ್ ಹೊತ್ತು ತರಬೇಕಾದವನೂ ಹುಟ್ಟುಹಬ್ಬದವನೇ. ಆ ದಿನ ಡಿಸೆಂಬರ್ 26 ಆದರಂತೂ ಮುಗಿಯಿತು: 24ರ ಮಧ್ಯಾಹ್ನವೇ ಅಂಗಡಿಗಳಿಗೆ ಬೀಗ, 25 ಮತ್ತು 26 ಎರಡೂ ರಜೆ. ಸ್ಥಳೀಯರು ಅಮ್ಮನ ಮನೆ ಸೇರಿರುತ್ತಾರೆ. ಉಳಿಯುವವರು ನಮ್ಮಂಥ ಪರದೇಸಿಗಳು. ಊರಲ್ಲಾದರೆ ಹಬ್ಬಕ್ಕೆ ಬಂದ ನೆಂಟರನ್ನೆಲ್ಲ ಸಹಿಸಿಕೊಳ್ಳಬೇಕು, ಇಲ್ಲಿ ಆರಿಸಿಕೊಳ್ಳಬಹುದು. ನನಗಂತೂ ಇದೇ ಇಷ್ಟ. ಮ್ಯೂನಿಕ್‌ನ ಪುಟ್ಟ ಅಡುಗೆಮನೆಯಲ್ಲಿ ದಾವಣಗೆರೆಯವನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾನೆ, ಮೆಣಸಿನಕಾಯಿ ಘಾಟಿಗೆ ಟರ್ಕಿಯ ಗೆಳತಿ ಕೆಮ್ಮುತ್ತಾಳೆ, ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯುತ್ತದೆ. (ಹುಟ್ಟುಹಬ್ಬದ ಹಾಡು ಅದೇ ಎಂದುಕೊಳ್ಳಿ.) ಕೇಕ್ ಬದಲು ಒಣದ್ರಾಕ್ಷಿ ತುಂಬಿದ ಸ್ಟೋಲನ್ ಬ್ರೆಡ್ಡಿಗೇ ಮೇಣದಬತ್ತಿ ಚುಚ್ಚುತ್ತಾರೆ. ಹಾಲು, ಮೊಸರು ಮೊದಲೇ ತಂದಿಡದವರಿಗೆ ದೊಡ್ಡ ರೈಲು ನಿಲ್ದಾಣದ ಅಂಗಡಿಯೇ ಗತಿ; ಅಲ್ಲಿನ ಬೆಲೆ ಮಾತ್ರ ಕೇಳಬೇಡಿ.