ಒಗರು ಮಾಗುವ ಬಗೆ

ಜ್ಯೇಷ್ಠ ಕಳೆದು ಆಷಾಢ ಕಾಲಿಡುವ ವೇಳೆಗೆ ರಾಮನಗರ, ಚನ್ನಪಟ್ಟಣಗಳ ನಡುವಣ ಹಳೆಯ ಮೈಸೂರು ರಸ್ತೆಯ ಅಂಚಿನಲ್ಲಿ ಮಂಕರಿಗಳು ಕಾಣಿಸಿಕೊಳ್ಳುತ್ತವೆ. ಮಂಕರಿಯ ತುಂಬ ಹಸಿರೆಲೆ, ಎಲೆಯ ಮೇಲೆ ಮಿರುಗುವ ನೇರಳೆ ಹಣ್ಣು. ಅಲ್ಲಿ ಒಂದು ಪೊಟ್ಟಣ ಕೊಂಡ ಸಂಸಾರ ಬೆಂಗಳೂರು ಸೇರುವ ಹೊತ್ತಿಗೆ ಮಕ್ಕಳ ನಾಲಗೆ ಊದಾ ಬಣ್ಣಕ್ಕೆ ತಿರುಗಿ, ಮಾತು ತೊದಲುವಷ್ಟು ಬಾಯಿ ಬಿಗಿದುಕೊಂಡಿರುತ್ತದೆ. ಸಿಹಿ ಹುಳಿಗಳ ಬೆನ್ನಿಗೇ ಬಂದು ನಾಲಗೆಯನ್ನು ಹಿಡಿದೆಳೆಯುವ ಆ ಬಿಗಿತಕ್ಕೆ ಕನ್ನಡದಲ್ಲಿ ಮೂರಕ್ಷರದ ಹೆಸರುಂಟು. ಅದು ಒಗರು. ಷಡ್ರಸಗಳ ಎಣಿಕೆಯಲ್ಲಿ ಕಷಾಯವೆಂಬ ಹೆಸರಿನಿಂದ ಕಟ್ಟಕಡೆಗೆ ಕುಳಿತಿರುವ ರಸ ಇದೇ.

ಅಡುಗೆಮನೆಯಲ್ಲಿ ಈ ರಸಕ್ಕೆ ಅಷ್ಟೇನೂ ಆದರವಿಲ್ಲ. ಬಾಳೆಕಾಯಿ ಹೆಚ್ಚಿದೊಡನೆ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತಾರೆ. ಚಹ ಹೆಚ್ಚು ಕುದಿದರೆ ಮೋರಿಗೆ ಸುರಿಯುತ್ತಾರೆ. ಆದರೆ ಕೆಲವು ಪದಾರ್ಥಗಳು ವರ್ಷಗಟ್ಟಲೆ ಬಾಳುವುದಕ್ಕೂ, ಬಾಳುತ್ತ ಬಾಳುತ್ತ ರುಚಿಗೊಳ್ಳುವುದಕ್ಕೂ ಈ ಒಗರೇ ಆಧಾರ. ಅದಕ್ಕೆ ಲೋಕಪ್ರಸಿದ್ಧ ಉದಾಹರಣೆ ಸ್ಪೇನ್ ದೇಶದ ಕೆಂಪು ದ್ರಾಕ್ಷಾಮದ್ಯ. ಪಾನದ ಮಾತೆತ್ತಿದರೆ ಮುಖ ತಿರುಗಿಸುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ; ಅವರು ಹಾಗೆಯೇ ಇರಲಿ. ಒಂದು ರುಚಿಗೆ ವಯಸ್ಸಾಗುವ ಬಗೆಯನ್ನು ತಿಳಿಯಲು ಲೋಟ ಹಿಡಿಯಬೇಕಾಗಿಲ್ಲ. ನೇರಳೆ, ಹುಣಸೆ, ಒಂದು ಉಪ್ಪಿನಕಾಯಿಯ ಜಾಡಿ, ಇಷ್ಟಿದ್ದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಸ್ಪೇನಿನ ಉತ್ತರಭಾಗದಲ್ಲಿ ಎಬ್ರೊ ನದಿಯ ದಂಡೆಯುದ್ದಕ್ಕೂ ಹಬ್ಬಿರುವ ನಾಡು ರಿಯೋಹ. ಅಲ್ಲಿನ ಮುಖ್ಯ ದ್ರಾಕ್ಷಿಗೆ ಟೆಂಪ್ರನಿಯೊ ಎಂದು ಹೆಸರು. ಬೇಗನೆ ಹಣ್ಣಾಗುವುದೆಂಬ ಅರ್ಥದಿಂದ ಬಂದದ್ದು. ಕರಿಯ ಸಿಪ್ಪೆಯ ಈ ಹಣ್ಣನ್ನು ಹಿಂಡಿ, ಸಿಪ್ಪೆ ಬೀಜಗಳ ಸಮೇತ ಹುಳಿಯಲು ಬಿಟ್ಟಾಗ ಮೂರು ಸಂಗತಿಗಳು ರಸದಲ್ಲಿ ಸೇರುತ್ತವೆ. ಸಿಪ್ಪೆಯಿಂದ ಬಣ್ಣ, ನೇರಳೆ ಹಣ್ಣು ನಾಲಗೆಗೆ ಬಳಿಯುವ ಬಣ್ಣದ ಜಾತಿಯದೇ ಅದು. ತಿರುಳಿನಿಂದ ಹುಳಿ. ಇದರಲ್ಲೊಂದು ಸ್ವಾರಸ್ಯವುಂಟು. ದ್ರಾಕ್ಷಿಯ ಮುಖ್ಯ ಹುಳಿಯಾದ ಟಾರ್ಟಾರಿಕ್ ಆಮ್ಲ ಬೇರೆ ಹಣ್ಣುಗಳಲ್ಲಿ ಹೆಚ್ಚಾಗಿ ಕಾಣುವುದು ಅಪರೂಪ; ಆ ಅಪರೂಪದಲ್ಲಿ ಅಗ್ರಗಣ್ಯವಾದದ್ದು ಹುಣಸೆ. ಮಾಗಡಿಯ ಬದುವಿನ ಹುಣಸೆಮರಕ್ಕೂ ಎಬ್ರೊ ತೀರದ ದ್ರಾಕ್ಷಿಬಳ್ಳಿಗೂ ಹುಳಿಯ ಸಂಬಂಧ ಒಂದೇ ಕುಲದ್ದೆಂದಾಯಿತು. ಮೂರನೆಯದು ಸಿಪ್ಪೆ ಬೀಜಗಳಿಂದ ಇಳಿಯುವ ಒಗರು. ವಿಜ್ಞಾನಿಗಳು ಅದನ್ನು ಟ್ಯಾನಿನ್ ಎಂದು ಕರೆಯುತ್ತಾರೆ.

ಈ ಟ್ಯಾನಿನ್ ಎಂಬ ಹೆಸರು ಚರ್ಮ ಹದಮಾಡುವ ಕಸುಬಿನಿಂದ ಬಂದದ್ದು. ಕನಕಪುರದ ಕಡೆಯ ಬರಡು ಹೊಲಗಳ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡವನ್ನು ನೋಡದವರು ವಿರಳ. ಅದರ ತೊಗಟೆಯ ನೀರಿನಲ್ಲಿ ಹಸಿಯ ತೊಗಲನ್ನು ನೆನೆಹಾಕಿ ಚರ್ಮ ಮಾಡುವ ವಿದ್ಯೆ ದಕ್ಷಿಣದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿತ್ತು. ತೊಗಟೆಯ ಒಗರು ತೊಗಲಿನ ಸಸಾರಜನಕವನ್ನು ಹಿಡಿದು ಬಿಗಿಯುತ್ತದೆ. ಕೊಳೆಯಬೇಕಾದದ್ದು ಕೊಳೆಯದೆ ಉಳಿಯುತ್ತದೆ. ನೇರಳೆ ತಿಂದಾಗ ಬಾಯಲ್ಲಿ ನಡೆಯುವುದೂ ಇದೇ. ನಾಲಗೆಯನ್ನು ನುಣುಪಾಗಿಟ್ಟಿರುವ ಜೊಲ್ಲಿನ ಸಸಾರಜನಕವನ್ನು ಒಗರು ಹಿಡಿದುಹಾಕುತ್ತದೆ, ನಾಲಗೆ ಒಣಗಿ ತರಿತರಿಯಾಗುತ್ತದೆ. ಬಾಯೊಳಗೆ ಕ್ಷಣಮಾತ್ರ ಚರ್ಮ ಹದವಾಗುತ್ತದೆಂದರೆ ಅತಿಶಯೋಕ್ತಿಯೇನೂ ಆಗದು.

ಹೊಸದಾಗಿ ಇಳಿಸಿದ ರಿಯೋಹದ ಮದ್ಯವೂ ಹೀಗೆಯೇ ಬಾಯನ್ನು ಹಿಡಿಯುತ್ತದೆ. ಬಣ್ಣ ನೇರಳೆಗೆಂಪು, ಮೂಗಿಗೆ ತಾಜಾ ಹಣ್ಣಿನ ಪರಿಮಳ. ಅಲ್ಲಿನವರು ಚೆರಿ ಹಣ್ಣಿಗೆ ಹೋಲಿಸುತ್ತಾರೆ. ಈ ನಾಡಿನವರಾದರೆ ಕಳಿತ ಕವಳಿ ಹಣ್ಣನ್ನೋ ನೇರಳೆಯನ್ನೋ ನೆನೆದಾರು. ಹಣ್ಣು, ಹುಳಿ, ಒಗರು ಮೂರೂ ಒಟ್ಟಿಗೆ ಮಾತನಾಡುವ ಮಕ್ಕಳಂತೆ. ಒಂದರ ಮಾತು ಇನ್ನೊಂದಕ್ಕೆ ಕೇಳದು.

ಇದನ್ನು ಹದಕ್ಕೆ ತರುವ ಮೊದಲ ಗುರು ಮರ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲೋಕ್ಸೆರ ಎಂಬ ಹೇನುಜಾತಿಯ ಕೀಟ ಫ್ರಾನ್ಸಿನ ದ್ರಾಕ್ಷಿತೋಟಗಳ ಬೇರು ತಿಂದು ಹಾಳುಮಾಡಿದಾಗ ಬೋರ್ದೊ ನಗರದ ವರ್ತಕರು ಮದ್ಯವನ್ನರಸಿ ಬೆಟ್ಟ ದಾಟಿ ರಿಯೋಹಕ್ಕೆ ಬಂದರು. ಸಣ್ಣ ಓಕ್ ಪೀಪಾಯಿಗಳಲ್ಲಿ ಮದ್ಯವನ್ನು ಮಾಗಿಸುವ ಬೋರ್ದೊ ಪದ್ಧತಿ ಅಲ್ಲಿ ಬೇರುಬಿಟ್ಟದ್ದು ಆ ಕಾಲದಲ್ಲಿ. ಕೀಟ ಮುಂದೆ ರಿಯೋಹವನ್ನೂ ಬಿಡಲಿಲ್ಲ, ಆ ಮಾತು ಬೇರೆ. ಇಂದಿಗೂ ಅಲ್ಲಿನ ಪೀಪಾಯಿಯ ಅಳತೆ ಸುಮಾರು 225 ಲೀಟರು.

ಮರದ ಗುಣವನ್ನು ಚನ್ನಪಟ್ಟಣದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲೆ ಮರವನ್ನು ಕಡಿದು ತಂದು, ಹಸಿ ಆರುವವರೆಗೆ ಕಾದು, ಆಮೇಲೆ ಚರಕಿಗೆ ಹಿಡಿದು, ಅರಗಿನ ಬಣ್ಣ ಕೊಟ್ಟು ಬೊಂಬೆ ಮಾಡುವ ಊರು ಅದು. ಹಸಿ ಮರದ ಬೊಂಬೆ ಸೀಳು ಬಿಡುತ್ತದೆ. ಓಕ್ ಮರದ ಹಲಗೆಗಳನ್ನೂ ಹೀಗೆಯೇ ಎರಡು ಮೂರು ವರ್ಷ ಬಿಸಿಲು ಮಳೆಗೆ ಬಿಟ್ಟು ಒಣಗಿಸಿ, ಬೆಂಕಿಯ ಮೇಲೆ ಬಾಗಿಸಿ ಪೀಪಾಯಿ ಕಟ್ಟುತ್ತಾರೆ. ಬೊಂಬೆಯ ಮರಕ್ಕೆ ನಯ ಬೇಕು. ಪೀಪಾಯಿಯ ಮರಕ್ಕೆ ಇನ್ನೊಂದು ಗುಣ, ನೀರು ಸೋರದೆ ಗಾಳಿ ಅತಿ ಸೂಕ್ಷ್ಮವಾಗಿ ನುಸುಳುವಷ್ಟು ಬಿಗಿತ. ಜೊತೆಗೆ ಆ ಮರ ತನ್ನ ಪರಿಮಳವನ್ನೂ ರಸಕ್ಕೆ ಬಿಡುತ್ತದೆ. ರಿಯೋಹದವರು ಹಿಂದಿನಿಂದಲೂ ಮೆಚ್ಚಿಕೊಂಡು ಬಂದಿರುವ ಅಮೆರಿಕದ ಓಕ್ ಮರದಲ್ಲಿ ಕೊಬ್ಬರಿಯ ವಾಸನೆ ಕೊಡುವ ದ್ರವ್ಯವುಂಟು, ವೆನಿಲ್ಲದ ದ್ರವ್ಯವುಂಟು, ಲವಂಗದ ದ್ರವ್ಯವೂ ಉಂಟು. ತೆಂಗೇ ಬೆಳೆಯದ ಸೀಮೆಯ ಮದ್ಯದಲ್ಲಿ ಕೊಬ್ಬರಿಯ ಕಂಪು! ಕನ್ನಡನಾಡಿನ ಗೃಹಿಣಿಯ ಮೂಗಿನ ಬಳಿ ಅದನ್ನು ಹಿಡಿದರೆ ಒಬ್ಬಟ್ಟಿನ ಹೂರಣವೇ ನೆನಪಾದೀತು.

ಈ ಮಾಗುವಿಕೆಗೆ ಅಲ್ಲಿ ಕಾಯಿದೆಯ ಕಟ್ಟಳೆಯೂ ಇದೆ. ಕ್ರಿಯಾಂಸ ಎಂದು ಚೀಟಿ ಹಚ್ಚಬೇಕಾದರೆ ಕೆಂಪು ಮದ್ಯ ಎರಡು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷವಾದರೂ ಪೀಪಾಯಿಯಲ್ಲಿ. ರೆಸೆರ್ವ ಎನಿಸಿಕೊಳ್ಳಲು ಮೂರು ವರ್ಷ. ಗ್ರಾನ್ ರೆಸೆರ್ವ ಎಂಬ ಹಿರಿಯ ಪದವಿಗೆ ಐದು ವರ್ಷ. ಪೀಪಾಯಿಯಲ್ಲಿ ಕನಿಷ್ಠ ಎರಡು, ಸೀಸೆಯಲ್ಲಿ ಕನಿಷ್ಠ ಎರಡು.

ಸೀಸೆಗೆ ಸೇರಿ ಬಿರಡೆ ಬಿದ್ದ ಮೇಲೆ ನಡೆಯುವ ವ್ಯಾಪಾರ ಇನ್ನೂ ನಿಧಾನದ್ದು. ಒಗರಿನ ಕಣಗಳು ಒಂದನ್ನೊಂದು ಹಿಡಿದುಕೊಂಡು ಸರಪಣಿಯಾಗುತ್ತವೆ, ಬಣ್ಣದ ಕಣಗಳನ್ನೂ ಕೂಡಿಸಿಕೊಳ್ಳುತ್ತವೆ. ಭಾರವಾದವು ತಳಕ್ಕಿಳಿದು ಗಸಿಯಾಗುತ್ತವೆ. ಆದುದರಿಂದಲೇ ಹಳೆಯ ಮದ್ಯ ಬಣ್ಣದಲ್ಲಿ ತೆಳುವು. ನೇರಳೆಯ ಛಾಯೆ ಅಳಿದು, ದಾಳಿಂಬೆಯ ಕೆಂಪಾಗಿ, ಅಂಚಿನಲ್ಲಿ ನಾಡಹೆಂಚಿನ ಬಣ್ಣ ತೋರುತ್ತದೆ. ಬಾಯಿಯ ಬಿಗಿತ ಸಡಿಲಿ ನುಣುಪು ಬರುತ್ತದೆ. ತಾಜಾ ಹಣ್ಣಿದ್ದ ಸ್ಥಳದಲ್ಲಿ ಒಣಹಣ್ಣು: ಅಂಜೂರ, ಉತ್ತುತ್ತೆ, ಒಣದ್ರಾಕ್ಷಿ. ಹತ್ತು ಹದಿನೈದು ವರ್ಷವಾಗುವಾಗ ಹಣ್ಣೂ ಹಿಂದೆ ಸರಿದು, ಬಲ್ಲವರು ಹೇಳುವಂತೆ, ಹದಮಾಡಿದ ತೊಗಲು, ಹೊಗೆಸೊಪ್ಪು, ಮೊದಲ ಮಳೆಗೆ ನೆನೆದ ಕಾಡಿನ ತರಗೆಲೆ, ಅಣಬೆ, ಇಂಥ ವಾಸನೆಗಳು ಮೇಲೇಳುತ್ತವೆ. ತಂಗಡಿ ತೊಗಟೆಯ ಒಗರಿನಿಂದ ಹೊರಟ ಕಥೆ ಕೊನೆಗೆ ಹದಮಾಡಿದ ತೊಗಲಿನ ವಾಸನೆಗೇ ಬಂದು ನಿಲ್ಲುವುದು ಕಾಕತಾಳೀಯವೇ ಇರಬಹುದು. ಕೇಳಲು ಮಾತ್ರ ಸೊಗಸು.

ಇಲ್ಲಿ ಮರೆಯಬಾರದ ಮಾತೊಂದಿದೆ. ಕಾಲ ಕೊಡುವುದೆಲ್ಲವನ್ನೂ ಬೆಲೆ ಕಟ್ಟಿಯೇ ಕೊಡುತ್ತದೆ. ನುಣುಪು ಬಂದಷ್ಟೂ ಹಣ್ಣು ಹೋಗುತ್ತದೆ. ಹಣ್ಣು ಪೂರ್ತಿ ಹೋಗುವ ದಿನವೂ ಬರುತ್ತದೆ. ಆಗ ಸೀಸೆಯಲ್ಲಿ ಉಳಿಯುವುದು ಬರಿಯ ಹುಳಿ, ಸಪ್ಪೆಯಾದ ಕಂದು ನೀರು. ಮೊದಲೇ ಒಗರೂ ಹುಳಿಯೂ ಕಡಿಮೆಯಿದ್ದ ಮದ್ಯಕ್ಕಂತೂ ಆ ದಿನ ಎರಡು ಮೂರು ವರ್ಷದಲ್ಲೇ ಬಂದೀತು. ಲೋಕದಲ್ಲಿ ತಯಾರಾಗುವ ದ್ರಾಕ್ಷಾಮದ್ಯದ ಬಹುಪಾಲು ಇಂಥದು, ಎಳೆಯದರಲ್ಲೇ ಮುಗಿಸಬೇಕಾದದ್ದು. ಹಳೆಯದಾದಷ್ಟೂ ಮೇಲೆಂಬುದು ಕೆಲವೇ ಕೆಲವು ಸೀಸೆಗಳಿಗೆ ಒಪ್ಪುವ ಮಾತು.

ಈ ವಿವೇಚನೆ ಈ ದೇಶಕ್ಕೆ ಹೊಸತೇನಲ್ಲ. ಔಷಧಗಳ ಬಾಳಿಕೆಯನ್ನು ಹೇಳುವಾಗ ಶಾರ್ಙ್ಗಧರ ಸಂಹಿತೆಯು ಚೂರ್ಣವು ಎರಡು ತಿಂಗಳಲ್ಲಿ ವೀರ್ಯ ಕಳೆದುಕೊಳ್ಳುತ್ತದೆಂದೂ, ಆಸವಗಳು ಹಳೆಯವಾದಂತೆ ಗುಣಶಾಲಿಗಳಾಗುತ್ತವೆಂದೂ ವಿಂಗಡಿಸಿ ಹೇಳಿದೆ. ಕೆಮ್ಮಿಗೆಂದು ಅಜ್ಜಿಯರು ಚಮಚದಲ್ಲಿ ಅಳೆದು ಕೊಡುತ್ತಿದ್ದ ದ್ರಾಕ್ಷಾರಿಷ್ಟವೂ ಹುಳಿಯಿಸಿದ ದ್ರಾಕ್ಷಿಯ ರಸವೇ. ಮಡಿ ಮನೆಗಳೂ ಅದಕ್ಕೆ ಬಾಗಿಲು ಮುಚ್ಚಿರಲಿಲ್ಲ.

ಹುಣಸೆಯ ವಿಷಯ ಇನ್ನೂ ಹತ್ತಿರದ್ದು. ಮಾಘ ಫಾಲ್ಗುಣಗಳಲ್ಲಿ ಮಾಗಡಿ, ಕನಕಪುರಗಳ ಹಳ್ಳಿಯ ಜಗುಲಿಗಳ ಮೇಲೆ ಹುಣಸೆ ಕುಟ್ಟಿ ಬೀಜ ತೆಗೆಯುವ ಸದ್ದು. ಹೊಸ ಹಣ್ಣು ಕೆಂಪು ಮಿಶ್ರಿತ ಕಂದು. ಅದರ ಸಾರು ತಿಳಿಯಾಗಿ, ಹುಳಿ ಚುರುಕಾಗಿ ಇರುತ್ತದೆ. ಉಪ್ಪು ಬೆರೆಸಿ ಜಾಡಿಗೆ ತುಂಬಿದ ಹಣ್ಣು ವರ್ಷ ಕಳೆದಂತೆ ಕಪ್ಪಾಗುತ್ತದೆ, ಚುರುಕು ಇಳಿದು ಗಂಭೀರವಾಗುತ್ತದೆ. ತಿಳಿಸಾರಿಗೆ ಹೊಸದನ್ನೂ ಗೊಜ್ಜಿಗೆ ಹಳೆಯದನ್ನೂ ಬೇರೆ ಬೇರೆ ಜಾಡಿಯಿಂದ ತೆಗೆಯುವ ಹೆಂಗಸರು ಇದ್ದಾರೆ. ಮಾವಿನ ಮಿಡಿಯೂ ಅಷ್ಟೆ. ಒಗರು ಹಿಡಿದಿರುವ ಗಟ್ಟಿ ಮಿಡಿಯೇ ಉಪ್ಪಿನಲ್ಲಿ ತಿಂಗಳುಗಟ್ಟಲೆ ಬಾಳಿ ರುಚಿಗೊಳ್ಳುವುದು, ಬಲಿತು ಸಿಹಿಯೇರಿದ ಕಾಯಿ ಮೆತ್ತಗಾಗಿ ಕರಗಿಹೋಗುತ್ತದೆ.

ಇಷ್ಟೆಲ್ಲ ನಡೆಯುವುದಕ್ಕೆ ಸ್ಥಳ ಬೇಕು. ರಿಯೋಹದಲ್ಲಿ ಬೆಟ್ಟದ ಒಡಲನ್ನೇ ಕೊರೆದ ನೆಲಮಾಳಿಗೆಗಳಿವೆ. ಒಳಗೆ ಬೆಳಕಿಲ್ಲ, ಸದ್ದಿಲ್ಲ. ಬೇಸಗೆ ಚಳಿಗಾಲಗಳೆರಡರಲ್ಲೂ ಹನ್ನೆರಡು ಹದಿನಾಲ್ಕು ಡಿಗ್ರಿಯ ಆಸುಪಾಸಿನ ತಂಪು. ರಾಮನಗರದ ಸೀಮೆಗೂ ಇಂಥ ವಿದ್ಯೆ ಗೊತ್ತಿತ್ತು. ಹಳೆಯ ಮೈಸೂರಿನ ಗ್ರಾಮಗಳಲ್ಲಿ ಗಟ್ಟಿನೆಲವನ್ನು ತೋಡಿ, ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಮಾಡಿದ ಹಗೇವುಗಳಲ್ಲಿ ರಾಗಿಯನ್ನು ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಡುತ್ತಿದ್ದರು. ಬರಗಾಲ ಬಂದಾಗ ವರ್ಷಗಳ ಹಿಂದಿನ ರಾಗಿ ಹುಳ ಹಿಡಿಯದೆ ಹೊರಬರುತ್ತಿತ್ತು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಕಾಳಿನ ಉಸಿರೇ ಗಾಳಿಯನ್ನು ತೀರಿಸಿ ಹುಳುವನ್ನು ಕೊಲ್ಲುತ್ತಿತ್ತೆಂಬುದು ಅದರ ಮರ್ಮ. ಆ ಹಗೇವುಗಳು ಇಂದು ಬಹುಮಟ್ಟಿಗೆ ಮುಚ್ಚಿಹೋಗಿವೆ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆಗೂ ದ್ರಾಕ್ಷಾಮದ್ಯಕ್ಕೂ ಪ್ರತ್ಯೇಕ ನೀತಿಯೊಂದನ್ನು ತಂದ ಬಳಿಕ ರಾಜ್ಯದಲ್ಲಿ ಈ ಉದ್ಯಮ ಹಬ್ಬಿತು. ಚನ್ನಪಟ್ಟಣದ ಬಳಿಯೂ ಒಂದು ಕಾರ್ಖಾನೆ ತಲೆಯೆತ್ತಿತು. ಆದರೆ ಬೆಂಗಳೂರಿನ ಸುತ್ತಣ ರೈತರು ಬಹುಕಾಲದಿಂದ ಬೆಳೆಯುತ್ತ ಬಂದಿರುವ ಬೆಂಗಳೂರು ಬ್ಲೂ ದ್ರಾಕ್ಷಿ ಅಮೆರಿಕದ ಕಾಡುಬಳ್ಳಿಯ ಸಂಬಂಧವುಳ್ಳ ತಳಿ. ಗಾಢ ಬಣ್ಣ, ದೂರದಿಂದಲೇ ಗುರುತಿಸಬಹುದಾದ ಘಾಟು ಪರಿಮಳ. ಹಣ್ಣಿನ ಪಾನಕಕ್ಕೂ ಸಿಹಿಮದ್ಯಕ್ಕೂ ಅದು ಒಪ್ಪುತ್ತದೆ. ಹತ್ತು ವರ್ಷ ಕತ್ತಲಲ್ಲಿ ಕೂರುವ ಸತ್ವವನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಅದರ ಬೆಡಗೆಲ್ಲ ಹೊಸತನದಲ್ಲಿದೆ.

ಇನ್ನು ಮನೆಯ ಮಾತು. ಕನಕಪುರದಲ್ಲೋ ಮಾಗಡಿಯಲ್ಲೋ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಊಹೆಗೆ ಕಷ್ಟವಿಲ್ಲ, ಅಂಥ ಮನೆಗಳು ಹಲವಾಗಿವೆ. ಮಗ ಯೂರೋಪಿನಲ್ಲಿ ಕೆಲಸದಲ್ಲಿದ್ದಾನೆ. ಮೊದಲ ರಜೆಗೆ ಬಂದಾಗ ಒಳ್ಳೆಯ ರೆಸೆರ್ವದ ಸೀಸೆಯೊಂದನ್ನು ತಂದು, “ಅಪ್ಪಾ, ಇದು ಇಟ್ಟಷ್ಟೂ ಒಳ್ಳೆಯದು” ಎಂದು ಹೇಳಿ ಹೋಗಿದ್ದಾನೆ. ಕುಡಿಯುವ ರೂಢಿ ಆ ಮನೆಯಲ್ಲಿಲ್ಲ. ಆದರೂ ಮಗ ತಂದದ್ದು. ತಂದೆ ಅದನ್ನು ಪಡಸಾಲೆಯ ಗಾಜಿನ ಬೀರುವಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ವಾರಕ್ಕೊಮ್ಮೆ ಧೂಳು ಒರೆಸುತ್ತಾರೆ. ಮಗ ಮುಂದಿನ ಸಲ ಬಂದಾಗ, ಸೊಸೆ ಬಂದಾಗ, ಮೊಮ್ಮಗನ ನಾಮಕರಣಕ್ಕೆ ಎಲ್ಲರೂ ಸೇರಿದಾಗ ತೆಗೆದರಾಯಿತೆಂದು ಎಂಟು ಬೇಸಗೆ ಕಳೆದಿವೆ.

ಬೀರು ಪಶ್ಚಿಮದ ಕಿಟಕಿಗೆ ಎದುರಾಗಿದೆ. ಚೈತ್ರ ವೈಶಾಖಗಳ ಮಧ್ಯಾಹ್ನ ಅಲ್ಲಿ ಕೈಯಿಟ್ಟರೆ ಗಾಜು ಬೆಚ್ಚಗಿರುತ್ತದೆ. ಸೀಸೆಯನ್ನು ಮಲಗಿಸದೆ ನಿಲ್ಲಿಸಿರುವುದರಿಂದ ಬಿರಡೆ ಒಣಗಿ ಕುಗ್ಗಿದೆ. ಗಾಳಿ ಒಳಗೆ ಹೋಗಲು ದಾರಿಯಾಗಿದೆ. ನೆಲಮಾಳಿಗೆಯಲ್ಲಿ ಹದಿನೈದು ವರ್ಷ ತೆಗೆದುಕೊಳ್ಳುವ ಕೆಲಸವನ್ನು ಆ ಬಿಸಿ ಎರಡು ಬೇಸಗೆಯಲ್ಲಿ ಒರಟಾಗಿ ಮುಗಿಸಿಬಿಟ್ಟಿರುತ್ತದೆ. ಉಳಿದ ಆರು ಬೇಸಗೆ ಹುಳಿಯಾಗಿಸುವುದಕ್ಕೆ ಮೀಸಲು. ಮಗ ಹೇಳಿದ್ದು ಸುಳ್ಳಲ್ಲ. ಎಲ್ಲಿ ಇಡಬೇಕೆಂಬುದನ್ನು ಮಾತ್ರ ಹೇಳಲು ಮರೆತಿದ್ದ. ಹಾಗೆ ನೋಡಿದರೆ ಆ ಮನೆಯಲ್ಲಿ ಇಡಲು ತಕ್ಕ ಸ್ಥಳವೂ ಇರಲಿಲ್ಲ. ತಾತನ ಕಾಲದ ಹಗೇವಿನ ಮೇಲೆ ಈಗ ಮೋಟಾರು ನಿಲ್ಲಿಸುವ ಕೊಠಡಿ ಎದ್ದಿದೆ.

ನಾಮಕರಣದ ದಿನ ಸೀಸೆ ತೆರೆದಾಗ ಬಿರಡೆ ಪುಡಿಪುಡಿಯಾಗಿ ಒಳಗೆ ಬೀಳುತ್ತದೆ. ಮಗ ಲೋಟದಲ್ಲಿ ಒಂದಿಷ್ಟು ಬಗ್ಗಿಸಿ, ಮೂಸಿ, ಏನೂ ಹೇಳದೆ ತಂದೆಯ ಕಡೆ ನೋಡುತ್ತಾನೆ. “ಹೇಗಿದೆಯಪ್ಪಾ?” ಎಂದು ಅವರು ಕೇಳುತ್ತಾರೆ. “ಚೆನ್ನಾಗಿದೆ” ಎನ್ನುತ್ತಾನೆ ಮಗ. ತಾಯಿಗೆ ವಾಸನೆಯಿಂದಲೇ ಗೊತ್ತಾಗಿದೆ. ನಲವತ್ತು ವರ್ಷ ಹುಣಸೆಯ ಜಾಡಿ ಕಾದವರು ಅವರು. ಉಳಿದದ್ದನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಸುರಿದು, ಸೀಸೆಯನ್ನು ತೊಳೆದು, ನೀರು ತುಂಬಿ, ಮನಿಪ್ಲಾಂಟಿನ ಕುಡಿಯೊಂದನ್ನು ಇಳಿಬಿಟ್ಟು ಅದೇ ಬೀರುವಿನ ಮೇಲೆ ಇಡುತ್ತಾರೆ.