ಪಂಚೆಯೂ ಗೃಹಿಣಿಯ ಸಮ್ಮತಿಯೂ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರತಕ್ಕದ್ದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ವಾದಿಸುವ ಮಹನೀಯರು ಸಹ ಈ ಒಂದು ಗಾದೆಯನ್ನು ತುಸು ಒರೆಗೆ ಹಚ್ಚಿ ನೋಡಬೇಕಾಗಿದೆ. ಏಕೆಂದರೆ ಇದರ ನೆರಳಿನಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಅನೇಕ ಮನೆಗಳಲ್ಲಿ ಒಂದು ವಿಚಿತ್ರವಾದ ವ್ಯಾಜ್ಯವು ನಡೆಯುತ್ತಲಿದೆ. ಸಾಯಂಕಾಲ ಮನೆಗೆ ಬಂದ ಗೃಹಸ್ಥನು ಷರಾಯಿಯನ್ನು ಗೂಟಕ್ಕೆ ತಗುಲಿಸಿ ಪಂಚೆಯನ್ನೋ ಲುಂಗಿಯನ್ನೋ ಉಟ್ಟರೆ ಗೃಹಿಣಿಯ ಆಕ್ಷೇಪಣೆ ಏನೂ ಇಲ್ಲ. ಅದೇ ಪಂಚೆಯನ್ನು ಮಡಿಮಾಡಿ ಉಟ್ಟು ಮಗುವಿನ ಶಾಲೆಗೋ, ಬ್ಯಾಂಕಿಗೋ, ನೆಂಟರ ಆರತಕ್ಷತೆಗೋ ಹೊರಟನೆಂದರೆ, "ಇದನ್ನು ಉಟ್ಟುಕೊಂಡು ಬರುತ್ತೀರಾ? ಹಾಗಾದರೆ ನಾನು ಬರುವುದಿಲ್ಲ" ಎಂಬ ಮಾತು ಕೇಳಿಬರುತ್ತದೆ. ಹೊಸ್ತಿಲಿನ ಒಳಗೆ ಸಭ್ಯವಾಗಿದ್ದ ಬಟ್ಟೆ ಹೊಸ್ತಿಲು ದಾಟಿದೊಡನೆ ಅಸಭ್ಯವಾಗುತ್ತದೆ. ಆದಕಾರಣ ಜಗಳವಿರುವುದು ಬಟ್ಟೆಯಲ್ಲಲ್ಲ, ಹೊಸ್ತಿಲಿನಲ್ಲಿ.

ಇದು ಕ್ಷುಲ್ಲಕ ವಿಷಯವೆಂದು ನಗುವವರು ೨೦೨೪ನೆಯ ಇಸವಿಯ ಜುಲೈ ತಿಂಗಳನ್ನು ಸ್ಮರಿಸಿಕೊಳ್ಳಲಿ. ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರು ಮಗನೊಡನೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಹೋದರು. ಪಂಚೆ ಉಟ್ಟವರಿಗೆ ಒಳಗೆ ಪ್ರವೇಶವಿಲ್ಲವೆಂದು ಕಾವಲುಗಾರರು ಅವರನ್ನು ತಡೆದರು. ಟಿಕೀಟು ಇತ್ತು, ಮಗನು ಜೊತೆಯಲ್ಲಿದ್ದನು. ಇಲ್ಲದಿದ್ದದ್ದು ಷರಾಯಿ ಒಂದೇ. ಪ್ರಕರಣವು ವಿಧಾನಸಭೆಯವರೆಗೆ ಹೋಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರವು ಸಾರಿತು. ಅದಕ್ಕೆ ಹತ್ತು ವರ್ಷ ಮೊದಲು, ೨೦೧೪ರ ಜುಲೈಯಲ್ಲಿ, ಚೆನ್ನೈಯ ಕ್ರಿಕೆಟ್ ಸಂಘದ ಕ್ಲಬ್ಬೊಂದು ವೇಷ್ಟಿ ಉಟ್ಟ ಕಾರಣಕ್ಕಾಗಿ ಮದ್ರಾಸ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೊಬ್ಬರನ್ನೇ ಒಳಗೆ ಬಿಡಲಿಲ್ಲ. ತಮಿಳುನಾಡಿನ ಶಾಸನಸಭೆಯು ಅದೇ ವರ್ಷ ಇಂಥ ನಿರ್ಬಂಧವನ್ನು ನಿಷೇಧಿಸುವ ಕಾನೂನನ್ನೇ ಮಾಡಿತು. ನ್ಯಾಯಪೀಠವನ್ನಲಂಕರಿಸಿದವರಿಗೂ ನೇಗಿಲು ಹಿಡಿದವರಿಗೂ ಒಂದೇ ಬಾಗಿಲು ಮುಚ್ಚಿಕೊಂಡ ಮೇಲೆ ಇದನ್ನು ಕ್ಷುಲ್ಲಕವೆನ್ನುವುದು ಹೇಗೆ?

ಆ ಜುಲೈಯಲ್ಲಿ ಪಂಚೆಗೆ ಅಪಮಾನವಾಯಿತೆಂದು ಗಂಟಲು ಹರಿಯುವಂತೆ ಕೂಗಿದವರಲ್ಲಿ ಷರಾಯಿ ತೊಟ್ಟವರಿಗೆ ಕೊರತೆಯಿರಲಿಲ್ಲ. ಅಂಥವರ ಪಂಚೆ ಪೆಟ್ಟಿಗೆಯಿಂದ ಹೊರಬರುವುದು ಯುಗಾದಿಗೊಮ್ಮೆ, ಗೃಹಪ್ರವೇಶಕ್ಕೊಮ್ಮೆ, ಛಾಯಾಚಿತ್ರಕ್ಕೊಮ್ಮೆ. ಪರಂಪರೆಯೆಂಬುದು ಭಾಷಣದ ಒಗ್ಗರಣೆಯಾದರೆ ಅದರಿಂದ ಯಾರ ಹೊಟ್ಟೆಯೂ ತುಂಬದು. ಮಾಲಿನ ಬೀಗ ಏಳು ದಿನಕ್ಕೆ ತೆರೆಯತಕ್ಕದ್ದು. ನೋಡುವವರ ಕಣ್ಣಿಗೆ ಬಿದ್ದ ಬೀಗಕ್ಕೆ ಅಂಥ ಗಡುವಿಲ್ಲ.

ಇಂಥ ಕಾಲದಲ್ಲಿ ಪಂಚೆಯನ್ನು ಬೇಡವೆನ್ನುವ ಹೆಂಡತಿಯನ್ನು "ಹೊಸ ನಾಗರಿಕತೆಯ ಹುಚ್ಚು ಹಿಡಿದವಳು" ಎಂದು ಹಳಿಯುವುದು ಪುರುಷರಿಗೆ ಸುಲಭ. ಅದು ನ್ಯಾಯವಲ್ಲ. ಗಂಡನ ಉಡುಪು ಕೆಟ್ಟಿದ್ದರೆ ಜನ ಗಂಡನನ್ನು ಕೇಳುವುದಿಲ್ಲ, "ಮನೆಯಲ್ಲಿ ಹೇಳುವವರು ಇಲ್ಲವೇ?" ಎಂದು ಕೇಳುತ್ತಾರೆ. ಬಟ್ಟೆ ಅವನದು, ಅಪವಾದ ಅವಳದು. ಆಸ್ಪತ್ರೆಯ ಸಾಲಿನಲ್ಲಿ, ಶಾಲೆಯ ಕಛೇರಿಯಲ್ಲಿ, ಸಾಲ ಕೇಳಲು ಹೋದ ಬ್ಯಾಂಕಿನಲ್ಲಿ ಗುಮಾಸ್ತನ ಕಣ್ಣು ಮೊದಲು ಬೀಳುವುದು ಮುಖದ ಮೇಲಲ್ಲ, ಬಟ್ಟೆಯ ಮೇಲೆ. ಇದನ್ನು ಬಲ್ಲ ಗೃಹಿಣಿಯು ಗಂಡನಿಗಾಗಲಿ ಮಕ್ಕಳಿಗಾಗಲಿ ತಾತ್ಸಾರವಾಗಬಾರದೆಂದು ಷರಾಯಿಯನ್ನು ಇಸ್ತ್ರಿ ಮಾಡಿಸಿಡುತ್ತಾಳೆ. ಮಾಲಿನ ಬಾಗಿಲಿನಲ್ಲಿ ನಡೆದದ್ದು ಅವಳ ಅಂಜಿಕೆ ನಿರಾಧಾರವಲ್ಲವೆಂಬುದಕ್ಕೆ ಸಾಕ್ಷಿ. ಅವಳದು ಹುಚ್ಚಲ್ಲ, ಲೆಕ್ಕಾಚಾರ.

ಆದರೂ ಲೆಕ್ಕಾಚಾರವೆಂದ ಮಾತ್ರಕ್ಕೆ ಅದನ್ನು ಧರ್ಮವೆನ್ನಲಾಗದು. ಅವಳ ಸಮ್ಮತಿಯನ್ನು ಪಡೆಯುವ ಬಗೆ ಯಾವುದು? "ನಾನು ಗಂಡಸು, ನನ್ನ ಇಷ್ಟ" ಎಂದು ಗದರುವವನು ಮೊದಲು ತನ್ನ ಕೈಯನ್ನು ನೋಡಿಕೊಳ್ಳಬೇಕು. ಹೆಂಡತಿಯು ಸೀರೆಯನ್ನು ಬಿಟ್ಟು ಚೂಡಿದಾರ ತೊಡಲು ಹೊರಟಾಗ ಅಡ್ಡಬಂದ ಕೈ ಅದೇ ಅಲ್ಲವೇ? ಈ ವಿಷಯದಲ್ಲಿ ಗಾಂಧೀಜಿಯವರ ಚರಿತ್ರೆಯು ಎರಡು ಪಾಠಗಳನ್ನು ಹೇಳುತ್ತದೆ. ೧೯೨೧ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡುಬಟ್ಟೆಯನ್ನು ಅಂಗೀಕರಿಸಿ, ೧೯೨೭ರಲ್ಲಿ ನಂದಿಬೆಟ್ಟದ ಮೇಲೆ ವಿಶ್ರಾಂತಿ ಪಡೆದು, ೧೯೩೧ರಲ್ಲಿ ಅದೇ ವೇಷದಲ್ಲಿ ಇಂಗ್ಲೆಂಡಿನ ದೊರೆಯ ಅರಮನೆಯನ್ನು ಹೊಕ್ಕವರು ಅವರು. ಅವರೇ ೧೮೯೬ರ ಕೊನೆಯಲ್ಲಿ ಸಂಸಾರ ಸಮೇತರಾಗಿ ದಕ್ಷಿಣ ಆಫ್ರಿಕಕ್ಕೆ ಹೊರಟಾಗ, ನಾಗರಿಕರೆನಿಸಿಕೊಳ್ಳಬೇಕೆಂದು ಕಸ್ತೂರಬಾ ಅವರಿಗೆ ಪಾರ್ಸಿ ಮಾದರಿಯ ಸೀರೆಯನ್ನೂ, ಬೂಟು ಕಾಲುಚೀಲಗಳನ್ನೂ ಬಲವಂತದಿಂದ ತೊಡಿಸಿದರು. ಹಾಗೆ ತೊಡಿಸಿದ್ದನ್ನು ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ದೊರೆಯ ಮುಂದೆ ಬಟ್ಟೆಯ ಸ್ವಾತಂತ್ರ್ಯವನ್ನು ಸಾಧಿಸಿದವರಿಗೂ ಮನೆಯೊಳಗೆ ಅದನ್ನು ಕೊಡುವುದು ಮೊದಮೊದಲು ಸುಲಭವಾಗಲಿಲ್ಲ. ತನಗೆ ಬೇಕಾದ ಸ್ವಾತಂತ್ರ್ಯವನ್ನು ಹೆಂಡತಿಗೆ ಮೊದಲು ಕೊಟ್ಟವನಿಗೆ ಮಾತ್ರ ಅದನ್ನು ಕೇಳುವ ಅಧಿಕಾರವುಂಟು.

ಗೃಹಿಣಿಯೂ ಒಂದು ಮಾತನ್ನು ವಿಚಾರಮಾಡಬೇಕು. ಧಾರೆಯ ಮುಹೂರ್ತದಲ್ಲಿ ಅವಳ ಕೈಹಿಡಿದವನು ಏನನ್ನು ಉಟ್ಟಿದ್ದನು? ಬಹುಮಟ್ಟಿಗೆ ಪಂಚೆಯನ್ನೇ. ಸೂಟು ಬಂದದ್ದು ಆರತಕ್ಷತೆಗೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೆಲ್ಲ ಹೆಸರಾದದ್ದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಕೈಗಳಲ್ಲಿ ಹೆಂಗಸರ ಕೈಗಳೇ ಎಷ್ಟೋ. ಮದುವಣಿಗನ ರೇಷ್ಮೆಯ ಪಂಚೆ ಇಂಥ ಕೈಗಳನ್ನು ಹಾದು ಬಂದದ್ದು. ಅಗ್ನಿಸಾಕ್ಷಿಗೆ ಯೋಗ್ಯವಾದ ಬಟ್ಟೆ ಬ್ಯಾಂಕಿನ ಗುಮಾಸ್ತನ ಮುಂದೆ ಅಯೋಗ್ಯವಾಗುವುದಾದರೆ, ಅಗ್ನಿಗಿಂತ ಗುಮಾಸ್ತನೇ ದೊಡ್ಡವನೆಂದಾಯಿತು.

ಇದಕ್ಕಿಂತಲೂ ಆಳವಾದ ಕಾರಣವೊಂದಿದೆ. ಹೆಂಗಸು ಷರಾಯಿ ತೊಟ್ಟರೆ ಮುಂದುವರಿದಳೆನ್ನುತ್ತಾರೆ. ಗಂಡಸು ಕಾಲುಗಳ ನಡುವೆ ಹೊಲಿಗೆಯಿಲ್ಲದ ಬಟ್ಟೆಯನ್ನು ಸುತ್ತಿಕೊಂಡರೆ, ಅದರಲ್ಲೂ ಹೊಸಕಾಲದ ಯುವಕನು ಲಂಗದಂಥದನ್ನು ತೊಟ್ಟರೆ, "ಬಳೆಯನ್ನೂ ತೊಟ್ಟುಕೋ" ಎನ್ನುತ್ತಾರೆ. ಈ ಬೈಗುಳದಲ್ಲಿ ಹೀನಾಯವಾಗುವುದು ಯಾರು? ಬಳೆ ತೊಟ್ಟವಳೇ ಅಲ್ಲವೇ? ಬಳೆಯೆಂದರೆ ಬೈಗುಳವೆಂದು ಒಪ್ಪಿಕೊಂಡ ಹೆಂಗಸು ತನ್ನ ಕೈಯನ್ನೇ ಹಳಿದುಕೊಂಡಂತಾಯಿತು. ಬೆಂಗಳೂರಿನಲ್ಲಿ ಚೈತ್ರದ ಹುಣ್ಣಿಮೆಯ ರಾತ್ರಿ ದ್ರೌಪದಿಯ ಕರಗವನ್ನು ಹೊರುವ ಪುರುಷನು ಸ್ತ್ರೀವೇಷವನ್ನು ಧರಿಸಿ, ಬಳೆ ತೊಟ್ಟು, ಮಲ್ಲಿಗೆ ಮುಡಿದು ನಡೆಯುತ್ತಾನೆ. ಕತ್ತಿ ಹಿರಿದ ವೀರಕುಮಾರರು ಅವನನ್ನು ಸುತ್ತುವರಿದು ಓಡುತ್ತಾರೆ. ಅವನನ್ನು ನೋಡಿ ನಗುವವರಿಲ್ಲ, ಕೈಮುಗಿಯುವವರಿದ್ದಾರೆ. ಒಂದು ರಾತ್ರಿ ಪೂಜ್ಯವಾದದ್ದು ಉಳಿದ ದಿನಗಳಲ್ಲಿ ಹಾಸ್ಯಾಸ್ಪದವಾಗುವುದೇಕೆ?

ಷರಾಯಿಯೇ ಪೌರುಷದ ಲಕ್ಷಣವೆನ್ನುವವರು ನಂದಿದುರ್ಗದ ಕಡೆಗೊಮ್ಮೆ ನೋಡಲಿ. ೧೭೯೧ರ ಅಕ್ಟೋಬರಿನಲ್ಲಿ ಆ ಕೋಟೆಯನ್ನು ಏರಿ ಬಂದ ಇಂಗ್ಲಿಷರ ಸೇನೆಯಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ೭೧ನೆಯ ರೆಜಿಮೆಂಟಿನವರೂ ಇದ್ದರು. ಆ ಗುಡ್ಡಗಾಡಿನ ಗಂಡಸರ ಉಡುಪು ಮೊಣಕಾಲಿನವರೆಗೆ ಬರುವ ನೆರಿಗೆಯ ಕಿಲ್ಟು. ಅವರ ದಂಗೆಯನ್ನು ಅಡಗಿಸಿದ ಇಂಗ್ಲೆಂಡಿನ ಪಾರ್ಲಿಮೆಂಟು ೧೭೪೬ರಲ್ಲಿ ಆ ಉಡುಪನ್ನೇ ನಿಷೇಧಿಸಿತು. ಸೈನಿಕರನ್ನು ಬಿಟ್ಟು ಉಳಿದವರು ಅದನ್ನು ತೊಟ್ಟರೆ ಮೊದಲ ಸಲ ಆರು ತಿಂಗಳ ಸೆರೆ, ಎರಡನೆಯ ಸಲ ಏಳು ವರ್ಷ ಗಡೀಪಾರು. ೧೭೮೨ರವರೆಗೆ ಆ ಕಾನೂನು ಜಾರಿಯಲ್ಲಿತ್ತು. ಕಿಲ್ಟಿನಲ್ಲಿ ಪೌರುಷವಿಲ್ಲದಿದ್ದರೆ ಪಾರ್ಲಿಮೆಂಟು ಅದಕ್ಕೆ ಅಷ್ಟು ಅಂಜಬೇಕಾಗಿರಲಿಲ್ಲ. ಇಂದು ಅದೇ ನಾಡಿನಲ್ಲಿ ಮದುವೆಯ ದಿನ ಮದುಮಗನು ಹೆಮ್ಮೆಯಿಂದ ಕಿಲ್ಟು ತೊಡುತ್ತಾನೆ.

ಕೆಲಸಕ್ಕೆ ಷರಾಯಿಯೇ ಅನುಕೂಲವೆಂಬ ವಾದವುಂಟು. ಯಂತ್ರದ ಬಳಿ, ಮೋಟಾರು ಬೈಸಿಕಲ್ಲಿನ ಮೇಲೆ ಅದು ನಿಜ. ಅಲ್ಲಿ ಪಂಚೆಯ ಅಂಚು ಅಪಾಯವೇ ಸರಿ. ಷರಾಯಿಯನ್ನು ಸುಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಸೂಟು ತೊಟ್ಟು ಮೈಸೂರು ಪೇಟ ಇಟ್ಟರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾಕ್ಟರ್ ಎಚ್. ನರಸಿಂಹಯ್ಯನವರು ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಪಡೆದು ಬಂದು, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು, ಖಾದಿಯ ಪಂಚೆ, ಜುಬ್ಬ, ಟೊಪ್ಪಿಗೆಗಳನ್ನೇ ಧರಿಸಿದರು. ಒಂದೇ ಜಿಲ್ಲೆಯ ಮಣ್ಣು ಎರಡನ್ನೂ ಹೊತ್ತಿದೆ; ಬಟ್ಟೆಯಿಂದ ಒಬ್ಬರ ಎಂಜಿನಿಯರಿಂಗೂ ಕುಗ್ಗಲಿಲ್ಲ, ಇನ್ನೊಬ್ಬರ ವಿಜ್ಞಾನವೂ ಕುಗ್ಗಲಿಲ್ಲ. ನರಸಿಂಹಯ್ಯನವರು ಬ್ರಹ್ಮಚಾರಿಗಳು, ಬೇಡವೆನ್ನುವವರು ಮನೆಯಲ್ಲಿರಲಿಲ್ಲವೆಂದು ಯಾರಾದರೂ ಹಾಸ್ಯಮಾಡಿಯಾರು. ಹಾಸ್ಯವು ಸರಿಯೇ, ಆದರೆ ಮನೆಯ ಹೊರಗೆ ಬೇಡವೆನ್ನುವವರು ಇಲ್ಲದಿದ್ದರೆ ಒಳಗೂ ಇರಲಾರರೆಂಬುದು ಅದರಲ್ಲಿ ಅಡಗಿದ ಸತ್ಯ.

ಆದುದರಿಂದ ಗೃಹಿಣಿಯ ಸಮ್ಮತಿಯನ್ನು ಬಯಸುವವರು ಅವಳೊಬ್ಬಳನ್ನೇ ಒಲಿಸಲು ಹೊರಡುವುದು ಅರ್ಧ ಕೆಲಸ. ಅವಳು ಅಂಜುವ ಬಾಗಿಲುಗಳನ್ನು ತೆರೆಯಿಸಬೇಕು. ಪಂಚೆ ಉಟ್ಟವನಿಗೂ ಕುರ್ಚಿ ಕೊಡುವುದನ್ನು ಶಾಲೆಯ ಕಛೇರಿ, ಬ್ಯಾಂಕು, ಆಸ್ಪತ್ರೆಗಳು ಕಲಿಯಬೇಕು. ಏಳು ದಿನದ ಬೀಗಕ್ಕೆ ಬದಲಾಗಿ, ತಮಿಳುನಾಡಿನಲ್ಲಿರುವಂತೆ, ಶಾಶ್ವತವಾದ ಕಾನೂನಿನ ರಕ್ಷಣೆ ಕರ್ಣಾಟಕದಲ್ಲೂ ಬೇಕು. ಗಂಡನು ಹೆಂಡತಿಯ ಉಡುಪಿನ ಮೇಲಿನ ಯಜಮಾನಿಕೆಯನ್ನು ಇಂದೇ ಬಿಡಬೇಕು. ಅಷ್ಟಾದ ಮೇಲೆ ಅವನು ಶುಭ್ರವಾದ ಪಂಚೆಯನ್ನುಟ್ಟು, "ಬರುತ್ತೀಯಾ?" ಎಂದು ವಿನಯದಿಂದ ಕೇಳಲಿ. ಅವಳು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಕಾರಣವನ್ನು ಕೇಳಿ ತಿಳಿದುಕೊಳ್ಳಲಿ. ಆ ಕಾರಣವು ಬಹುಶಃ ಅವನ ಪಂಚೆಯಲ್ಲಿರುವುದಿಲ್ಲ, ಬೀದಿಯಲ್ಲಿರುತ್ತದೆ. ಬೀದಿಯನ್ನು ತಿದ್ದುವುದು ಅವನೊಬ್ಬನ ಹೊಣೆಯಲ್ಲ, ಊರಿನ ಹೊಣೆ.